ಮರೆಯಿರುವ ಬಂಡೆಗಳು

ನಿನ್ನೆ ಬಚ್ಚಲಲ್ಲಿ ಕೂತು ಬೂಟು ತೊಳೆಯುತ್ತಿದ್ದೆ. ಹೋದ ಶಿವರಾತ್ರಿಯ ಹಿಂದಿನ ವಾರ ಕಳಚಿ ಮೆಟ್ಟಿಲ ಕೆಳಗೆ ಎಸೆದದ್ದು, ಮಳೆಗಾಲವೆಲ್ಲ ಅದರ ಮುಖ ನೋಡಿರಲಿಲ್ಲ. ಒಂದು ಚೊಂಬು ನೀರು ಹಾಕಿದ್ದೇ ತಡ, ಹೊಲಿಗೆಯ ಸಂದಿಯಿಂದ ಕೆಂಪು ನೀರು ಇಳಿದು ಬಿಳಿ ಟೈಲ್ಸಿನ ಮೇಲೆ ಹರಿಯಿತು. ಅದರ ಹಿಂದೆಯೇ ಬಂತು ಆ ವಾಸನೆ. ಬಿಸಿಲಿಗೆ ಕಾದ ಕಲ್ಲು ಒದ್ದೆಯಾದಾಗ ಏಳುತ್ತದಲ್ಲ, ಅದು. ನಲ್ಲಿ ನಿಲ್ಲಿಸಿ ಹಾಗೇ ಕೂತೆ. ಅರವತ್ತರ ಹತ್ತಿರ ಬಂದ ಹೆಂಗಸು, ಚಿಲಕ ಹಾಕಿದ ಬಚ್ಚಲಲ್ಲಿ, ಯಾರೂ ನೋಡದ ಕಡೆ ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದೆ.

ಬೂಟು ತೆಗೆಯಲು ಕಾರಣ ರೇವಣ್ಣನವರ ಫೋನು. ದಾವಣಗೆರೆಯ ನಮ್ಮ ನಿಜಲಿಂಗಪ್ಪ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರ ಗುಂಪಿಗೆ ಅವರೇ ಯಜಮಾನರು. ಮಂಡಿಪೇಟೆಯ ಕಾಳಿನ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಯಾರನ್ನಾದರೂ ಹುರಿದುಂಬಿಸದೆ ಅವರಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಒಳ್ಳೆಯ ಮನುಷ್ಯ, ಗಂಟಲು ಮಾತ್ರ ದೊಡ್ಡದು.

"ಮೇಡಮ್ಮಾರೇ, ಮಳೆ ಮುಗಿದ್ವು. ಈ ವರ್ಷದ ಜಾಗ ಆರಿಸ್ರಿ ಮತ್ತೆ. ನಿಮ್ಮ ಕಣ್ಣಿಗೆ ಬೀಳೋ ನೋಟ ನಮ್ಮ ಕಣ್ಣಿಗೆ ಬೀಳಂಗಿಲ್ಲ" ಎಂದರು. "ಆ ಮಹಾಕೂಟದ ದಾರಿ ಬಂಡೆ ಮ್ಯಾಲೆ ಇನ್ನೊಂದು ಸಲ ಹೋಗಾಣ್ರಿ. ಗಂಡಸ್ರೆಲ್ಲ ತುದೀಲಿ ನಿಂತಿದ್ವಲ್ಲ, ಅಂಥ ನೋಟ ನಾ ಎಲ್ಲೂ ಕಂಡಿಲ್ಲ ಬಿಡ್ರಿ!"

ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ. ಆ ನೋಟ ಅವರಿಗೆ ಹೇಗೆ ಸಿಕ್ಕಿತು ಎಂಬುದು ನನಗೆ ಗೊತ್ತು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಪಾರ್ಕನ್ನು ಸುತ್ತಿ ಸುತ್ತಿ ಬೇಜಾರಾಗಿದೆ ಎಂಬ ಮಾತು ಬಂತು. ತಿಂಗಳಿಗೊಂದು ಭಾನುವಾರ ಟೆಂಪೊ ಮಾಡಿಕೊಂಡು ಬಾದಾಮಿ ಕಡೆಗೆ ಹೋಗಿ, ಕೆಂಪು ಬಂಡೆಗಳ ನಡುವೆ ನಡೆದು ಸಂಜೆಗೆ ಹೊರಟು ಬರುವುದು ಎಂದಾಯಿತು. ಬೆಳಕು ಹರಿಯುವ ಮೊದಲು ಹೊರಟು ಹರಿಹರದ ಸೇತುವೆ ದಾಟಿದರೆ, ಹುಬ್ಬಳ್ಳಿಯಲ್ಲಿ ಟೀ, ಬಿಸಿಲು ಏರುವ ಮೊದಲು ಬಾದಾಮಿ. ಎಲ್ಲಿ ನಡೆಯಬೇಕು ಎಂಬುದನ್ನು ಯಾರು ಆರಿಸುವುದು ಎಂಬ ಮಾತು ಬಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ರೇವಣ್ಣನವರಿಗೆ ಸಂತೋಷವೋ ಸಂತೋಷ. ಮಾತೇ ಆಡದ ಮೇಡಮ್ಮು ಮುಂದೆ ಬಂದರಲ್ಲ ಎಂದು ಚಪ್ಪಾಳೆ ಹೊಡೆಸಿದರು.

ನಾನು ಮುಂದೆ ಬಂದದ್ದು ಹೆದರಿಕೆಗೆ. ಗರ್ಭಕೋಶದ ಆಪರೇಷನ್ ಆದ ಮೇಲೆ ನನಗೆ ಒಂದಕ್ಕೆ ಬಂದರೆ ತಡೆಯಲು ಆಗುವುದಿಲ್ಲ. ಕೆಮ್ಮಿದರೆ ಕಷ್ಟ, ಸೀನಿದರೆ ಕಷ್ಟ, ಮನಸಾರೆ ನಕ್ಕರಂತೂ ಮುಗಿಯಿತು. ಮನೆಯಲ್ಲಿ ನಮ್ಮವರಿಗೂ ಹೇಳಿರಲಿಲ್ಲ, ಡಾಕ್ಟರಿಗೆ ಹೇಳುವುದು ದೂರದ ಮಾತು. ಬೇರೆ ಯಾರಾದರೂ ಜಾಗ ಆರಿಸಿದರೆ ಬೆಳಗಿಂದ ಸಂಜೆವರೆಗೆ ಬಟಾಬಯಲಲ್ಲಿ ನಡೆಸಿಬಿಡುತ್ತಾರೆ. ನಾನೇ ಆರಿಸಿದರೆ ನನಗೆ ಬೇಕಾದ ಕಡೆ ಒಂದು ಪೊದೆ, ಒಂದು ಬಂಡೆ ಇಟ್ಟುಕೊಳ್ಳಬಹುದು. ಹೋಗದೇ ಇದ್ದಿದ್ದರೆ ಆಗುತ್ತಿತ್ತು ಎನ್ನಬಹುದು. ಆದರೆ ನಿವೃತ್ತಿಯಾದ ಮೇಲೆ ನನಗಿದ್ದ ನಾಲ್ಕು ಜನ ಎಂದರೆ ಆ ಗುಂಪಿನವರೇ. ಅವರನ್ನು ಬಿಟ್ಟರೆ ಟೀವಿ ಮತ್ತು ಗೋಡೆ.

ತಡೆದುಕೊಳ್ಳುವುದರಲ್ಲಿ ನಾನು ಹಳೆಯ ಕೈ. ಹರಿಹರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರಾಗಿದ್ದೆ, ದಿನಾ ದಾವಣಗೆರೆಯಿಂದ ಬಸ್ಸು. ಅಲ್ಲಿನ ಹೆಂಗಸರ ಶೌಚಾಲಯಕ್ಕೆ ಬೀಗ. ಬೀಗದ ಕೈ ಹೆಡ್‌ಮಾಸ್ಟರ ಮೇಜಿನ ಮೇಲೆ, ಅವರ ಕಣ್ಣೆದುರಿಗೇ ಎತ್ತಿಕೊಂಡು ಹೋಗಬೇಕು. ಹೀಗಾಗಿ ನಾವು ಟೀಚರುಗಳೆಲ್ಲ ಮಾತಾಡಿಕೊಳ್ಳದೆಯೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಬೆಳಿಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ನೀರು ಸಂಜೆ ಮನೆಗೆ ಬಂದ ಮೇಲೆಯೇ. ಬ್ಯಾಗಿನಲ್ಲಿ ನೀರಿನ ಬಾಟಲಿ ಇರುತ್ತಿತ್ತು, ಒಯ್ದದ್ದು ಹಾಗೇ ವಾಪಸು ಬರುತ್ತಿತ್ತು. ಬಾಯಿ ಒಣಗಿಸಿಕೊಂಡು ಎಂಟನೇ ಪೀರಿಯಡ್ಡಿನವರೆಗೆ ಪಾಠ ಮಾಡುವುದನ್ನು ಒಂದು ಸಾಧನೆ ಎಂದೇ ತಿಳಿದಿದ್ದೆವು, ಪೆದ್ದರು.

ಅದಕ್ಕೂ ಹಿಂದಿನದನ್ನು ಹೇಳಿಬಿಡುತ್ತೇನೆ. ನಾನು ಆನಗೋಡಿನವಳು, ಒಕ್ಕಲುತನದ ಮನೆಯವಳು. ಸಂಜೆ ಕತ್ತಲಾಗುವಾಗ ಚೊಂಬು ಹಿಡಿದು ಅವ್ವ, ಚಿಕ್ಕವ್ವ, ಮಗ್ಗುಲು ಮನೆಯವರೆಲ್ಲ ಒಟ್ಟಿಗೆ ಬಯಲಿಗೆ ಹೊರಡುತ್ತಿದ್ದರು. ಹೈವೇ ಕಡೆಯಿಂದ ಲಾರಿಯ ಬೆಳಕು ಬಿದ್ದರೆ ಎಲ್ಲರೂ ದಡಕ್ಕನೆ ಎದ್ದು ನಿಲ್ಲಬೇಕು. ಬೆಳಕು ಹೋದ ಮೇಲೆ ಮತ್ತೆ ಕೂರಬೇಕು. ಆ ಏಳುವುದು ಕೂರುವುದು ನನಗೆ ಎಷ್ಟು ಅವಮಾನ ಎನಿಸುತ್ತಿತ್ತೆಂದರೆ, ಓದಿ ನೌಕರಿ ಹಿಡಿದದ್ದೇ ಅದರಿಂದ ತಪ್ಪಿಸಿಕೊಳ್ಳಲು ಎಂದರೂ ಸುಳ್ಳಲ್ಲ. ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ ದೇವರ ಕೋಣೆ ಎಲ್ಲಿ ಎಂದು ನಮ್ಮವರು ಕೇಳುವ ಮೊದಲು ನಾನು ಮೂರು ಬಚ್ಚಲಿಗೆ ಗುರುತು ಹಾಕಿಸಿದ್ದೆ.

ಇಂಥವಳು ಬಾದಾಮಿಯ ಬಂಡೆಗಳನ್ನು ಆರಿಸಲು ಕೂತೆ. ಫೋನಿನಲ್ಲಿ ಮೇಲಿಂದ ತೆಗೆದ ನಕ್ಷೆ ಸಿಗುತ್ತದಲ್ಲ, ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ಕಪ್ಪು ಚುಕ್ಕೆ ಎಂದರೆ ಪೊದೆ. ಬಂಡೆಯ ಪಕ್ಕ ಉದ್ದ ನೆರಳು ಬಿದ್ದಿದ್ದರೆ ಅದು ಆಳೆತ್ತರದ್ದು, ಮರೆಗೆ ಆಗುತ್ತದೆ. ಎರಡು ಬಂಡೆ ಒಂದಕ್ಕೊಂದು ಒರಗಿದ್ದರೆ ನನಗೆ ಹಬ್ಬ. ಬಂಡೆ ಸಿಕ್ಕ ಕಡೆ ಗುಂಪನ್ನು ಕೂರಿಸಬೇಕು, ಕೂರಿಸಲು ಒಂದು ನೆಪ ಬೇಕು. ಆ ನೆಪಕ್ಕೆ ನಾನು ನೋಟ ಎಂದು ಹೆಸರಿಟ್ಟೆ.

ಮೊದಲನೆಯದು ಸಿಡ್ಲಫಡಿ. ಕುರುಚಲು ಗಿಡಗಳ ನಡುವೆ ಕಾಲುದಾರಿ, ಆಮೇಲೆ ಕಲ್ಲಿನ ಹಾಸು, ಕೊನೆಗೆ ಬಂಡೆಯೇ ಚಾವಣಿಯಾದ ಒಂದು ದೊಡ್ಡ ಪಡಸಾಲೆಯಂಥ ಜಾಗ. ಕಾರ್ತಿಕದ ಎಳೆಬಿಸಿಲಿಗೆ ಕಲ್ಲುಗಳೆಲ್ಲ ಈಗಷ್ಟೇ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. "ಇಲ್ಲಿ ಕೂತು ಎಡಗಡೆ ನೋಡಿ, ಬೆಳಕು ಚೆನ್ನಾಗಿ ಬೀಳುತ್ತೆ. ಆ ಕಡೆಯಿಂದ ಹೇಗೆ ಕಾಣುತ್ತೆ ನೋಡಿ ಬರ್ತೀನಿ" ಎಂದು ನಾನು ಬಲಗಡೆಯ ಬಂಡೆಯ ಹಿಂದೆ ಹೋದೆ. ಬಂದು ನೋಡಿದರೆ ಎಲ್ಲರೂ ಎಡಗಡೆಗೇ ನೋಡುತ್ತಾ ಮೈಮರೆತಿದ್ದಾರೆ. "ಮೇಡಮ್ಮಾರ ಕಣ್ಣು ಅಂದ್ರೆ ಕಣ್ಣು!" ಎಂದು ರೇವಣ್ಣನವರು ಕೂಗಿದರು. ಸತ್ಯವಾಗಿ ಹೇಳುತ್ತೇನೆ, ಎಡಗಡೆ ಏನಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ತಿಂಗಳು ಐಹೊಳೆಯ ಮೇಗುತಿ ಗುಡ್ಡ. ಅದರ ಮುಂದಿನದು ಬನಶಂಕರಿಯ ಹಿಂದಿನ ಬೋರೆಗಳು, ನಡೆದು ಇಳಿದ ಮೇಲೆ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರ ಹತ್ತಿರ ಜೋಳದ ರೊಟ್ಟಿ, ಗಡಿಗೆ ಮೊಸರು. ಎಲ್ಲರೂ ಮಜ್ಜಿಗೆಯನ್ನು ಲೋಟಗಟ್ಟಲೆ ಕುಡಿಯುತ್ತಿದ್ದರು. ನಾನು ರೊಟ್ಟಿಯನ್ನು ಒಣದೇ ತಿಂದೆ. ಪ್ರತಿ ಸಲವೂ ನಾನು ಕೂರಿಸಿದ ಜಾಗ ಭಾರೀ ಚೆಂದ ಎಂದು ಹೊಗಳಿಕೆ. ಹೊಗಳಿದಷ್ಟೂ ನಾನು ಕುಗ್ಗುತ್ತಿದ್ದೆ.

ದಾರಿಯುದ್ದಕ್ಕೂ ರೇವಣ್ಣನವರದೊಂದು ಮಾಮೂಲಿ ತಮಾಷೆ ಇರುತ್ತಿತ್ತು, ಅವರ ಹೆಂಡತಿ ಕೊಟ್ರಮ್ಮನವರ ಮೇಲೆ. "ನಮ್ಮಾಕಿನ ಕರೆದು ಕರೆದು ಸಾಕಾತು. ಟೀವಿ ಮುಂದಿನ ಕುರ್ಚಿಗೆ ಬೇರು ಬಿಟ್ಟಾಳೆ ನೋಡ್ರಿ, ಕಿತ್ತರೆ ಕುರ್ಚೀನೂ ಬರುತ್ತೆ." ಟೆಂಪೊದಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ಹುಷಾರಾಗಿ, ತುಟಿ ಬಿಗಿಹಿಡಿದು ನಗುತ್ತಿದ್ದೆ. ಒಮ್ಮೆ ಅವರ ಮನೆಗೆ ಹೋದಾಗ "ನೀವೂ ಬನ್ನಿ" ಎಂದು ಕರೆದಿದ್ದೆ. "ಅಷ್ಟು ಹೊತ್ತು ನನಗೆ ಆಗಂಗಿಲ್ರಿ ಮೇಡಮ್ಮಾರೇ" ಎಂದು ಆಕೆ ನನ್ನ ಮುಖ ನೋಡಿದರು. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚಿಗೆ ನೋಡಿದರು. ನಾನು ಚಹಾ ಚೆನ್ನಾಗಿದೆ ಎಂದು ಮಾತು ಬದಲಿಸಿದೆ.

ಸಂಕ್ರಾಂತಿಗೆ ಪಾರ್ಕಿನಲ್ಲಿ ನನಗೆ ಸನ್ಮಾನ. ಬೇಡ ಬೇಡ ಎಂದರೂ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, 'ನಿಸರ್ಗ ಸೌಂದರ್ಯದ ಆರಾಧಕಿ' ಎಂದು ಬರೆಸಿದ ಫಲಕವನ್ನು ಕೈಗಿಟ್ಟರು. ಜಾಗ ಹೇಗೆ ಆರಿಸುತ್ತೀರಿ ಎಂದು ನಾಲ್ಕು ಮಾತು ಆಡಲೇಬೇಕಂತೆ. ನಾನು ಬೆಳಕು ಎಂದೆ, ನೆರಳು ಎಂದೆ, ಮೌನ ಎಂಬ ಶಬ್ದವನ್ನೂ ಬಳಸಿದೆ. ಮುಂದಿನ ಸಾಲಿನಲ್ಲಿ ಗಿರಿಜಕ್ಕ ಎಳ್ಳುಬೆಲ್ಲ ಅಗಿಯುತ್ತಾ ನನ್ನನ್ನೇ ನೋಡುತ್ತಿದ್ದಳು. ಗಿರಿಜಕ್ಕ ನಮ್ಮ ಆನಗೋಡಿನವಳೇ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಸೀರೆ ಎತ್ತಿ ಸಿಕ್ಕಿಸಿ, ಹವಾಯಿ ಚಪ್ಪಲಿಯಲ್ಲೇ ಬಂಡೆ ಹತ್ತುವವಳು. ಆ ಫಲಕವನ್ನು ನಾನು ಮನೆಗೆ ತಂದು ಹಳೇ ಪೇಪರಿನ ಕೆಳಗೆ ತುರುಕಿದೆ.

ಕೊನೆಯದು ಬಾದಾಮಿಯಿಂದ ಮಹಾಕೂಟಕ್ಕೆ ನಡಿಗೆ. ಗುಡ್ಡದ ಬುಡದಲ್ಲಿ ಜಾಲಿ, ಪಾಪಾಸುಕಳ್ಳಿ ದಟ್ಟವಾಗಿ ಬೆಳೆದ ದಾರಿಯನ್ನು ನಾನು ಗುರುತು ಮಾಡಿಟ್ಟಿದ್ದೆ. ಟೆಂಪೊ ಇಳಿದದ್ದೇ ರೇವಣ್ಣನವರು, "ಇವತ್ತು ನಿಮಗೊಂದು ಸರ್ಪ್ರೈಸ್ ಐತೆ ಮೇಡಮ್ಮಾರೇ. ಪ್ರತಿ ಸಲ ನೀವು ನಮಗೆ ತೋರಿಸ್ತೀರಿ. ಇವತ್ತು ನಾವು ನಿಮಗೆ ತೋರಿಸ್ತೀವಿ. ಮ್ಯಾಲಿನ ದಾರಿ ಕೇಳಿಕೊಂಡು ಬಂದೀನಿ, ಸುತ್ತ ನಾಲ್ಕೂ ಕಡೆ ಕಾಣುತ್ತಂತೆ" ಎಂದರು. ನಾಲ್ಕೂ ಕಡೆ ಕಾಣುತ್ತೆ ಎಂದರೆ ನಾಲ್ಕೂ ಕಡೆಯವರಿಗೆ ನಾವೂ ಕಾಣುತ್ತೇವೆ. ಬೇಡ ಎನ್ನಲು ಕಾರಣ ಕೊಡಬೇಕಿತ್ತು. ಇದ್ದ ಕಾರಣ ಬಾಯಿಗೆ ಬರಲಿಲ್ಲ.

ಎರಡು ಕೆಂಪು ಗೋಡೆಗಳ ನಡುವಿನ ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಬಂದರೆ, ಕಣ್ಣು ಹಾಯುವಷ್ಟು ದೂರ ಬರೀ ಕಲ್ಲು. ಅಂಗಳ ಸಾರಿಸಿಟ್ಟ ಹಾಗೆ ಚಪ್ಪಟೆ. ಒಂದು ಗಿಡವಿಲ್ಲ, ಮೊಣಕಾಲೆತ್ತರದ ಒಂದು ಕಲ್ಲಿಲ್ಲ. ಹಿಂದಿನ ಸಂಜೆಯಿಂದ ನಾನು ಒಂದು ಗುಟುಕು ನೀರು ಕುಡಿದಿರಲಿಲ್ಲ, ಅದು ನನ್ನ ಹಳೇ ವಿದ್ಯೆ. ಆದರೆ ಹರಿಹರದ ಕ್ಲಾಸ್‌ರೂಮಿನಲ್ಲಿ ಫ್ಯಾನಿತ್ತು. ಇಲ್ಲಿ ಮಾಘದ ಬಿಸಿಲು ಮೇಲಿಂದ, ಕಲ್ಲಿನ ಕಾವು ಕೆಳಗಿಂದ. ಅರ್ಧ ದಾರಿಗೆ ಕಣ್ಣು ಕತ್ತಲೆ ಬಂದು ಕುಸಿದು ಕೂತೆ.

ಎಲ್ಲರೂ ಓಡಿಬಂದರು. ಆಶಾ ಎಂಬ ಹುಡುಗಿ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಎಳೇ ಮಗುವಿನ ತಾಯಿ, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಓಆರ್‌ಎಸ್ ಕುಡಿಸಿದಳು. ಆಮೇಲೆ ಯಾರದೋ ನಿಂಬೆ ಶರಬತ್ತು. ಆಮೇಲೆ ರೇವಣ್ಣನವರ ಮನೆಯ ಮಜ್ಜಿಗೆ. "ಸಾಕು" ಎಂದರೆ "ಪೂರ್ತಿ ಕುಡೀರಿ, ಒಂದು ಹನಿ ಬಿಡಬ್ಯಾಡ್ರಿ" ಎಂದು ಬಾಟಲಿಯ ತಳ ಎತ್ತಿ ಹಿಡಿದರು. ಪ್ರೀತಿಯಿಂದಲೇ ಕುಡಿಸಿದರು. ನಾನು ಎದ್ದು ನಿಂತಾಗ ಚಪ್ಪಾಳೆ ತಟ್ಟಿದರು.

ಸ್ವಲ್ಪ ದೂರ ನಡೆದಿರಬೇಕು, ಶುರುವಾಯಿತು. ಹಲ್ಲು ಕಚ್ಚಿ ಗುಂಪಿನ ಹಿಂದೆ ಉಳಿದೆ. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಕಲ್ಲು, ಕಲ್ಲು, ಆಕಾಶ. ಇನ್ನು ಹತ್ತು ಹೆಜ್ಜೆ ಇಟ್ಟರೆ ಎಲ್ಲರೆದುರು ಆಗಿಬಿಡುತ್ತದೆ ಎನಿಸಿ ಕಣ್ಣಲ್ಲಿ ನೀರು ಬಂತು. ಗಿರಿಜಕ್ಕ ಯಾವಾಗ ಹಿಂದೆ ಉಳಿದು ಪಕ್ಕಕ್ಕೆ ಬಂದಳೋ ತಿಳಿಯಲಿಲ್ಲ.

"ಏನವ್ವ ಹುಡುಕ್ತಿ?"

"ಏನಿಲ್ಲಕ್ಕ. ನೋಟ ನೋಡ್ತಿದ್ದೆ."

"ಅಳುವಂಥ ನೋಟ ಏನೈತೆ ಇಲ್ಲಿ?" ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಅಷ್ಟೆ. ಆನಗೋಡಿನ ಹೊಲಗಳಲ್ಲಿ ಆಳುಗಳನ್ನು ಕರೆಯುತ್ತಿದ್ದ ದನಿಯಲ್ಲಿ ಕೂಗಿದಳು: "ಏ ರೇವಣ್ಣ! ಗಂಡಸ್ರೆಲ್ಲ ಆ ತುದಿಗೆ ಹೋಗಿ ನಿಂದುರ್ರಿ. ನಾನು ಕರೆಯಾವರೆಗೂ ಈ ಕಡೆ ತಿರುಗಬ್ಯಾಡ್ರಿ."

"ಯಾಕ ಗಿರಿಜಕ್ಕ?"

"ಯಾಕಂದ್ರೆ ಏನು ಹೇಳ್ಲಿ? ಹೆಂಗಸ್ರಿಗೆ ಒಂದಕ್ಕೆ ಹೋಗಾದೈತೆ. ನಡೀರಿ!"

ಆ ಬಂಡೆ ಅಲ್ಲೇ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ರೇವಣ್ಣನವರ ಕಿವಿ ಕೆಂಪಾದದ್ದು ಅಷ್ಟು ದೂರದಿಂದಲೂ ಕಂಡಿತು. ಗಂಡಸರೆಲ್ಲ ತುದಿಗೆ ಹೋಗಿ, ನಮಗೆ ಬೆನ್ನು ಹಾಕಿ ಸಾಲಾಗಿ ನಿಂತರು. ಗಿರಿಜಕ್ಕ ಹೆಂಗಸರನ್ನು ಕರೆದು ನನ್ನ ಸುತ್ತ ನಿಲ್ಲಿಸಿದಳು, ಎಲ್ಲರ ಮುಖ ಹೊರಗೆ. ತನ್ನ ಸೆರಗು ಬಿಚ್ಚಿ ಹರಡಿ ಒಂದು ತುದಿಯನ್ನು ಆಶಾಳ ಕೈಗಿಟ್ಟಳು. ಆಶಾ ತನ್ನ ದುಪಟ್ಟದ ತುದಿಯನ್ನು ಪಕ್ಕದವಳಿಗೆ ಕೊಟ್ಟಳು. ಅದೇ ಬಯಲು, ಅದೇ ಹೆಂಗಸರು ಸುತ್ತುಗಟ್ಟುವುದು. ಯಾವುದರಿಂದ ಇಷ್ಟು ವರ್ಷ ಓಡಿದ್ದೆನೋ ಅದರ ನಡುಮಧ್ಯದಲ್ಲಿ ಟ್ರ್ಯಾಕ್ ಪ್ಯಾಂಟು, ಬೂಟು ಹಾಕಿಕೊಂಡು ಕೂತೆ.

ಕಲ್ಲು ಹೀರಿಕೊಳ್ಳುವುದಿಲ್ಲ. ಸದ್ದೂ ಆಗುತ್ತದೆ. ಕಾದ ಕೆಂಪು ಬಂಡೆಯ ಮೇಲೆ ಕಪ್ಪಗೆ ಗೆರೆ ಎಳೆದುಕೊಂಡು ಅದು ಹರಿದು ಆಶಾಳ ಬೂಟಿನ ಕಡೆಗೆ ಹೋಯಿತು. ನನಗೆ ಕಾಣುತ್ತಿತ್ತು, ತಡೆಯಲು ಆಗುತ್ತಿರಲಿಲ್ಲ. ಅವಳಿಗೂ ಗೊತ್ತಾಯಿತು. ಅವಳು ಕಾಲು ಸರಿಸಲಿಲ್ಲ. ಸರಿಸಿದರೆ ದುಪಟ್ಟದ ಮರೆ ಬಿಚ್ಚಿಕೊಳ್ಳುತ್ತಿತ್ತು, ಅದಕ್ಕೆ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಯಾರೂ ತಿರುಗಿ ನೋಡಲಿಲ್ಲ.

ಎದ್ದು ನಿಂತಾಗ ಕ್ಷಮಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಶಾ ಸಣ್ಣ ದನಿಯಲ್ಲಿ, "ಗಿರಿಜಕ್ಕ, ನಾನೂ ಹೋಗ್ಲಾ?" ಎಂದಳು. ನಾನು ಅವಳ ಜಾಗಕ್ಕೆ ಹೋಗಿ ದುಪಟ್ಟದ ತುದಿ ಹಿಡಿದೆ. ಅವಳಾದ ಮೇಲೆ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು. ಕೊನೆಗೆ ಗಿರಿಜಕ್ಕನೂ "ಇರ್ರಿ, ನಂದೂ ಒಂದು ಆಗಿಬಿಡ್ಲಿ" ಎಂದಳು. ಒಬ್ಬಳೂ ಬಿಡಲಿಲ್ಲ. ಅಷ್ಟು ಹೊತ್ತೂ ಆ ಕಡೆ ಗಂಡಸರು ತಿರುಗದೆ, ಎದುರಿನ ಬಯಲನ್ನು ನೋಡುತ್ತಾ ನಿಂತಿದ್ದರು. ರೇವಣ್ಣನವರು ಕಂಡ ಜನ್ಮದ ನೋಟ ಅದೇ.

ಮಹಾಕೂಟದ ಹೊಂಡದಲ್ಲಿ ಕಾಲು ಇಳಿಬಿಟ್ಟು ಕೂತಾಗ ಆಶಾ ನನ್ನ ಪಕ್ಕಕ್ಕೆ ಬಂದಳು. "ಮೇಡಮ್, ನೀವು ಆರಿಸಿದ ಕಡೆ ಮರೆಗೊಂದು ಬಂಡೆ ಇದ್ದೇ ಇರ್ತಿತ್ತಲ್ಲ, ಆ ಧೈರ್ಯದ ಮೇಲೇ ನಾನು ಬರ್ತಿದ್ದೆ. ಮಗು ಆದ ಮೇಲೆ ಸೀನೋಕೂ ಹೆದರಿಕೆ ನನಗೆ. ನೀವು ಆ ಕಡೆ ಹೋಗಿ ಬಂದ ಮೇಲೆ ನಾವೆಲ್ಲ ಒಬ್ಬೊಬ್ಬರೇ ಫೋಟೋ ನೆಪ ಮಾಡ್ಕೊಂಡು ಹೋಗ್ತಿದ್ವಿ" ಎಂದಳು. ಸಮಾಧಾನಕ್ಕೆ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ಅವಳಿಗೆ ನನ್ನ ಮಗಳ ವಯಸ್ಸು. ಅವಳೂ ಬೆಳಗಿಂದ ನೀರು ಮುಟ್ಟಿರಲಿಲ್ಲ, ತನ್ನ ಪಾಲಿನ ಓಆರ್‌ಎಸ್ಸನ್ನು ನನಗೆ ಕುಡಿಸಿದ್ದಳು. ಹರಿಹರದ ನಮ್ಮ ಹಳೇ ಪದ್ಧತಿಯನ್ನು ಯಾರೂ ಕಲಿಸದೆಯೇ ಅವಳು ಕಲಿತುಕೊಂಡಿದ್ದಳು. ಬಂಡೆ ತೋರಿಸಿದೆನೇ ಹೊರತು, ಬಾರೇ ಹೋಗೋಣ ಎಂದು ಒಂದು ದಿನ ಕರೆಯಲಿಲ್ಲ ನಾನು. ಬಂಡೆಯ ಮೇಲೆ ಆದದ್ದಕ್ಕಿಂತ ಇದಕ್ಕೆ ಹೆಚ್ಚು ನಾಚಿಕೆಯಾಯಿತು.

ಆಮೇಲೆ ಪಾರ್ಕಿಗೆ ಹೋಗಲಿಲ್ಲ. ಮಂಡಿ ನೋವು ಎಂದು ಹೇಳಿ ತಾರಸಿಯ ಮೇಲೆ ನಡೆದೆ. ರೇವಣ್ಣನವರ ಕಣ್ಣಿಗೆ ಬಿದ್ದರೆ ಆ ಬಂಡೆ ಅವರಿಗೆ ನೆನಪಾಗುತ್ತದೆ ಎಂದು ಕಿಟಕಿಯಿಂದ ದೂರ ಇರುತ್ತಿದ್ದೆ. ಅವರಿಗೆ ನೆನಪಾದದ್ದು ನೋಟ ಮಾತ್ರ ಎಂದು ನಿನ್ನೆ ತಿಳಿಯಿತು.

ಇವತ್ತು ಬೆಳಿಗ್ಗೆ ತೊಳೆದ ಬೂಟನ್ನು ಬಿಸಿಲಿಗಿಟ್ಟು ಅವರಿಗೆ ಫೋನು ಮಾಡಿದೆ.

"ಹೇಳ್ರಿ ಮೇಡಮ್ಮಾರೇ. ಟೀ ಕುಡೀತಿದ್ದೆ, ಸ್ಪೀಕರ್ ಹಾಕೀನಿ. ಎಲ್ಲೆಲ್ಲಿ ಹೋಗಾದು?"

ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. "ರೇವಣ್ಣ, ನಾನು ನೋಟ ನೋಡಿ ಜಾಗ ಆರಿಸಿದವಳಲ್ಲ. ಒಂದಕ್ಕೆ ಹೋಗಲು ಮರೆ ಇರೋ ಬಂಡೆ ನೋಡಿ ಆರಿಸ್ತಿದ್ದೆ. ಆಪರೇಷನ್ ಆದಾಗಿಂದ ನನಗೆ ತಡೆಯೋಕೆ ಆಗಲ್ಲ. ಈ ಸಲವೂ ಹಾಗೇ ಆರಿಸ್ತೀನಿ. ಹೆಂಗಸರಿಗೆಲ್ಲ ಮೊದಲೇ ಹೇಳಿಬಿಡಿ, ಎಲ್ಲಿ ಮರೆ ಇದೆ, ಎಲ್ಲಿ ಇಲ್ಲ ಅಂತ. ಇಲ್ಲದ ಕಡೆ ನೀವು ಗಂಡಸರು ಆ ಕಡೆ ತಿರುಗಿ ನಿಲ್ಲಬೇಕು." ಒಬ್ಬ ಗಂಡಸಿನ ಹತ್ತಿರ ಇಂಥ ಮಾತನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ.

ಆ ಕಡೆ ಲೋಟ ಕೆಳಗಿಟ್ಟ ಸದ್ದು ಮಾತ್ರ ಕೇಳಿಸಿತು. ಮುಗಿಯಿತು, ಇನ್ನು ಮುಖ ತೋರಿಸುವ ಹಾಗಿಲ್ಲ ಎಂದುಕೊಂಡು ಫೋನಿಡಲು ಹೋದೆ. ಕುರ್ಚಿ ಸರಿದ ಸದ್ದಾಯಿತು. ಯಾರೋ ಫೋನಿನ ಹತ್ತಿರಕ್ಕೆ ಬಂದ ಹಾಗಾಯಿತು.

"ಮೇಡಮ್ಮಾರೇ, ನಾನ್ರಿ, ಕೊಟ್ರಮ್ಮ." ಆಕೆ ದನಿ ತಗ್ಗಿಸಿದರು. "ಹಂಗಾರೆ ಈ ಸಲ ನಾನೂ ಬರಬೌದೇನ್ರಿ?"

ಟೆಂಪೊದಲ್ಲಿ ಆಕೆಯ ಕುರ್ಚಿಯ ಮಾತಿಗೆ ನಾನು ನಕ್ಕ ನಗೆಗಳೆಲ್ಲ ಒಟ್ಟಿಗೆ ನೆನಪಾದವು.

"ಬನ್ನಿ ಕೊಟ್ರಮ್ಮ" ಎಂದೆ. "ನೀರು ಕುಡಿದೇ ಬನ್ನಿ."